ಮೂಳೆ ಕೂಡಿತು, ಬಲ ಬಂತೇ?

ಗೋವಾಕ್ಕೆ ಫುಟ್‌ಬಾಲ್ ಬಂದದ್ದು 1883ರಲ್ಲಿ, ಸಿಯೋಲಿಂನಲ್ಲಿ, ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಪಾದ್ರಿಯಿಂದ ಎಂದು ಅಲ್ಲಿನವರು ಹೇಳುತ್ತಾರೆ. ಪಣಜಿಯಲ್ಲಿ ಪೋರ್ಚುಗೀಸರ ವೈದ್ಯಕೀಯ ಶಾಲೆ ಅದಕ್ಕೂ ಮೊದಲೇ, 1842ರಲ್ಲಿ ಶುರುವಾಗಿತ್ತು. ಆಟವಿತ್ತು, ವೈದ್ಯರಿದ್ದರು, ಆದರೆ ಮೊಣಕಾಲು ತಿರುಚಿಕೊಂಡ ಆಟಗಾರ ಮತ್ತೆ ಯಾವಾಗ ಮೈದಾನಕ್ಕಿಳಿಯಬಹುದೆಂದು ಹೇಳುವ ಅಳತೆ ಯಾರ ಬಳಿಯೂ ಇರಲಿಲ್ಲ. ಗೋವಾವನ್ನು ದೂರಿ ಫಲವಿಲ್ಲ, ಆ ಅಳತೆ ಆಗ ಎಲ್ಲಿಯೂ ಇರಲಿಲ್ಲ. ಮುಂದೆ ಸ್ನಾಯುಬಲದ ಅಳತೆ ಹುಟ್ಟಿದ್ದು ಪೋಲಿಯೊ ರೋಗಿಗಳಿಗಾಗಿ. ಗಾಯಾಳು ಆಟಗಾರರ ವಿಷಯದಲ್ಲಿ ಇಂದಿಗೂ ನಡೆಯುವ ಅಂದಾಜಿನ ವ್ಯವಹಾರಕ್ಕೆ ಈ ಹುಟ್ಟೇ ಬಹುಮಟ್ಟಿಗೆ ಕಾರಣ ಎಂಬುದು ನನ್ನ ವಾದ.

1910ರ ದಶಕದಲ್ಲಿ ಬಾಸ್ಟನ್ನಿನ ವೈದ್ಯ ರಾಬರ್ಟ್ ಲೊವೆಟ್ ಮತ್ತು ಅವರ ಸಹಾಯಕಿ ವಿಲ್ಹೆಲ್ಮಿನ್ ರೈಟ್, ಗುರುತ್ವದ ಎದುರು ಅಂಗ ಏಳುತ್ತದೆಯೇ ಎಂಬುದನ್ನೇ ಆಧಾರವಾಗಿಟ್ಟು ಪೋಲಿಯೊ ರೋಗಿಗಳ ಸ್ನಾಯುಗಳಿಗೆ ದರ್ಜೆ ಕೊಡತೊಡಗಿದರು. 1943ರಲ್ಲಿ, ಯುದ್ಧದ ಗಾಯಾಳುಗಳ ನಡುವೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 0ಯಿಂದ 5ರವರೆಗಿನ ಅಂಕಗಳನ್ನು ಬಳಕೆಗೆ ತಂದಿತು. ನಮ್ಮ ದೇಶದ ಕಥೆಯೂ ಇದೇ ದಾರಿಯದು: 1952ರ ಪೋಲಿಯೊ ಹಾವಳಿಯ ಬೆನ್ನಿಗೇ, 1953ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಶಾಲೆ ತೆರೆಯಿತು. ಗೋವಾ ಆಗಿನ್ನೂ ಪೋರ್ಚುಗೀಸರದು.

ಈಗ ಪರೀಕ್ಷೆಯನ್ನೇ ನೋಡಿ. ಆಟಗಾರ ಮೇಜಿನಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಾನೆ, ಮೊಣಕಾಲು ನೇರ ಮಾಡುತ್ತಾನೆ. ಪರೀಕ್ಷಕರು ಕಣಕಾಲಿನ ಮೇಲೆ ಕೈಯಿಟ್ಟು ಒತ್ತುತ್ತಾರೆ. ಬರಿಯ ಕಾಲಿನ ಭಾರ ಎತ್ತಿದರೆ 3, ಪೂರ್ತಿ ಒತ್ತಿದರೂ ಬಗ್ಗದಿದ್ದರೆ 5. ಕಾಲೇ ಏಳದ ಮಗುವಿಗೆ ಇದು ನ್ಯಾಯವಾದ ಅಳತೆ. ಫಾರ್ವರ್ಡ್ ಆಟಗಾರನ ತೊಡೆಯ ಸ್ನಾಯುವಾದರೋ, ಮೂರನೇ ಒಂದು ಪಾಲು ಬಲ ಕಳೆದುಕೊಂಡಿದ್ದರೂ ಪರೀಕ್ಷಕರ ಕೈಯನ್ನು ಸುಲಭವಾಗಿ ತಡೆದೀತು. ಊದಿದ ಕೀಲು ಆ ಸ್ನಾಯುವಿಗೆ ಹೋಗುವ ನರದ ಆಜ್ಞೆಯನ್ನೇ ತಗ್ಗಿಸುವುದರಿಂದ, ನೋವು ಹೋದ ಮೇಲೂ ಅದು ಸೊರಗಿಯೇ ಇರುತ್ತದೆ. ಕಟ್ಟು ಬಿಚ್ಚಿದೊಡನೆ ಗುಣವಾಯಿತೆನ್ನುವ ನಾಟಿ ವೈದ್ಯರೂ 5 ಅಂಕ ಬರೆಯುವ ಆಸ್ಪತ್ರೆಯೂ ಎಡವುವುದು ಒಂದೇ ಕಡೆ. ಹಾಗೆಂದು ದಾರಿ ತಿಳಿಯದೆ ಇರಲಿಲ್ಲ: ಭಾರವನ್ನು ಹಂತಹಂತವಾಗಿ ಏರಿಸುತ್ತ ಬಲ ಮರಳಿಸುವ ಕ್ರಮವನ್ನು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ 1945ರಲ್ಲೇ ಪ್ರಕಟಿಸಿದ್ದರು.

ಬಲವನ್ನು ಅಂಕಿಯಲ್ಲಿ ಅಳೆಯುವ ಡೈನಮೋಮೀಟರ್ ಯಂತ್ರವಿಲ್ಲದ ಕಾಲದಲ್ಲೂ ಆಟಗಾರರು ಗಾಯದಿಂದೆದ್ದು ಆಡಲಿಲ್ಲವೇ ಎಂದು ಕೇಳುವವರಿದ್ದಾರೆ. ಆಡಿದರು, ನಿಜ. ಆದರೆ ಮರಳಿದವರ ಹೆಸರು ಉಳಿಯುತ್ತದೆ, ಮರಳದವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಂಥ ಸಾಕ್ಷ್ಯ ಅರ್ಧ ಸಾಕ್ಷ್ಯ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಡೈನಮೋಮೀಟರಿನ ಮೇಲಿನದು. ಗಾಯದ ಕಾಲು ಇನ್ನೊಂದರ ಶೇ. 90ರಷ್ಟು ಬಲ ತೋರಿದರೆ ಸಾಕೆಂಬ ರೂಢಿಯಿದೆ. ತಿಂಗಳುಗಟ್ಟಲೆ ಆಟವಿಲ್ಲದೆ ಆ ಇನ್ನೊಂದು ಕಾಲೂ ಸೊರಗಿರುತ್ತದಲ್ಲ! ಒಪ್ಪಬೇಕಾದ ಮಾತೇ. ಅದಕ್ಕೆ ಗಾಯಕ್ಕೆ ಮುಂಚಿನ ಅಂಕಿ ಬೇಕು. ದೊಡ್ಡ ಕ್ಲಬ್ಬು ಋತುವಿನ ಆರಂಭದಲ್ಲೇ ಅದನ್ನು ಬರೆದಿಟ್ಟುಕೊಳ್ಳಬಲ್ಲದು. ಊರಿನ ಟೂರ್ನಮೆಂಟಿನಲ್ಲಿ ಆಡುವ ಹುಡುಗನಿಗೆ ಅದನ್ನು ಬರೆದಿಡುವವರು ಯಾರು?