ಕ್ಷಯ ನಿವಾರಣೆಯ ಲೆಕ್ಕಪುಸ್ತಕ

ಆರೋಗ್ಯ ಯೋಜನೆಗಳ ಚರಿತ್ರೆಯನ್ನು ಬರೆಯುವವರು ಔಷಧಗಳ ಶೋಧವನ್ನೂ ಆಸ್ಪತ್ರೆಗಳ ಸ್ಥಾಪನೆಯನ್ನೂ ವಿಸ್ತಾರವಾಗಿ ವರ್ಣಿಸುತ್ತಾರೆ. ಲೆಕ್ಕಪುಸ್ತಕದ ಕಡೆಗೆ ಅವರ ದೃಷ್ಟಿ ಹರಿಯುವುದು ವಿರಳ. ಭಾರತದ ಕ್ಷಯ ನಿವಾರಣಾ ಕಾರ್ಯವಾದರೋ ಮೂರು ಬಾರಿ ಲೆಕ್ಕದ ಬಲದಿಂದಲೇ ದಾರಿ ಬದಲಿಸಿತು. ಆ ಮೂರರಲ್ಲಿ ಎರಡಕ್ಕೆ ಕನ್ನಡನಾಡಿನೊಡನೆ ನಿಕಟವಾದ ಸಂಬಂಧವುಂಟು.

1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಿಂದ, ಕ್ಷಯವು ಪಟ್ಟಣಿಗರ ರೋಗವೆಂಬ ಹಳೆಯ ನಂಬಿಕೆ ಅಳಿಯಿತು. ಹಳ್ಳಿಗಳಲ್ಲಿಯೂ ಅದು ಅಷ್ಟೇ ಹರಡಿತ್ತು. ಹಾಗಾದರೆ ಊರೂರಿಗೂ ಎಕ್ಸ್‌ರೇ ಯಂತ್ರವನ್ನು ಒಯ್ದು ರೋಗಿಗಳನ್ನು ಅರಸಬೇಕೇ? 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ಮಾಡಿ, ಪತ್ತೆಯಾದ ರೋಗಿಗಳನ್ನೇ ವಿಚಾರಿಸಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಯ ಬಾಗಿಲಿಗೆ ಹೋಗಿ, ಬಹುಮಟ್ಟಿಗೆ ಕೆಮ್ಮಿನ ಔಷಧವನ್ನಷ್ಟೇ ಪಡೆದು ಹಿಂದಿರುಗಿದ್ದರು. ರೋಗಿ ಬಂದಿದ್ದನು, ಅವನನ್ನು ಗುರುತಿಸುವವರಿರಲಿಲ್ಲ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ಈ ಅಧ್ಯಯನವು 1963ರಲ್ಲಿ ಪ್ರಕಟವಾಗುವ ಮೊದಲೇ, 1962ರ ರಾಷ್ಟ್ರೀಯ ಕಾರ್ಯಕ್ರಮವು ಇದೇ ವಿಚಾರವನ್ನು ಅಂಗೀಕರಿಸಿತ್ತು: ಸಾಮಾನ್ಯ ಆಸ್ಪತ್ರೆಗೆ ಕೆಮ್ಮುತ್ತ ಬಂದವನ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕು. ಬ್ಯಾನರ್ಜಿಯವರು ಮುಂದೆ 1971ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯ ಕೇಂದ್ರವನ್ನು ಸ್ಥಾಪಿಸಿದರು.

ಆದರೆ ಲೆಕ್ಕವಿದ್ದ ಮಾತ್ರಕ್ಕೆ ಫಲ ದೊರೆಯುವುದಿಲ್ಲ. ಎಷ್ಟು ಹೊಸ ರೋಗಿಗಳು ಸಿಕ್ಕರೆಂಬ ಎಣಿಕೆಗೆ ಒತ್ತು ಬಿದ್ದು, ಎಷ್ಟು ಮಂದಿ ಗುಣಹೊಂದಿದರೆಂಬ ಪ್ರಶ್ನೆ ಹಿಂದೆ ಸರಿಯಿತು. 1992ರ ಪರಿಶೀಲನೆಯಲ್ಲಿ, ಚಿಕಿತ್ಸೆಗೆ ತೊಡಗಿದವರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಅದನ್ನು ಪೂರೈಸುತ್ತಿದ್ದರೆಂಬುದು ವಿದಿತವಾಯಿತು. ಜಮೆಯನ್ನು ಮಾತ್ರ ಬರೆದು ಬಾಕಿಯನ್ನು ನೋಡದ ಪುಸ್ತಕವದು. 1993ರಲ್ಲಿ ಪ್ರಯೋಗಕ್ಕೆ ಬಂದು 1997ರಲ್ಲಿ ವಿಸ್ತರಿಸಿದ ಪರಿಷ್ಕೃತ ಕಾರ್ಯಕ್ರಮವು ಈ ಲೋಪವನ್ನು ತಿದ್ದಿತು. ಒಂದು ತ್ರೈಮಾಸಿಕದಲ್ಲಿ ದಾಖಲಾದ ಪ್ರತಿಯೊಬ್ಬರೂ ಗುಣಹೊಂದಿದರೇ, ಮೃತರಾದರೇ, ನಡುವೆ ಚಿಕಿತ್ಸೆಯನ್ನು ಬಿಟ್ಟರೇ ಎಂಬುದಕ್ಕೆ ಜಿಲ್ಲೆಯು ಉತ್ತರ ಕೊಡಬೇಕಾಯಿತು.

ಮೂರನೆಯ ಲೆಕ್ಕ ಊಟದ್ದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು 2019ರಿಂದ 2022ರವರೆಗೆ ಜಾರ್ಖಂಡದ 4 ಜಿಲ್ಲೆಗಳಲ್ಲಿ ರೋಗಿಗಳ ಮನೆಯವರಾದ 10,345 ಮಂದಿಯನ್ನು ಗಮನಿಸಿದರು. ರೋಗಿಗಳಿಗೆಲ್ಲ ಆಹಾರವನ್ನು ಕೊಡಲಾಯಿತು; ಒಂದು ಪಂಗಡದಲ್ಲಿ ಮನೆಯವರಿಗೂ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ದೊರೆಯಿತು. ಆ ಮನೆಗಳಲ್ಲಿ ಹೊಸದಾಗಿ ರೋಗ ತಗಲಿದ ಪ್ರಮಾಣ ಶೇಕಡಾ 39ರಷ್ಟು ಕಡಿಮೆಯಿತ್ತೆಂದು 2023ರಲ್ಲಿ ಪ್ರಕಟಿಸಿದರು. ರೋಗಿಯ ಪೌಷ್ಟಿಕಾಹಾರಕ್ಕೆಂದು 2018ರಿಂದ ಸಲ್ಲುತ್ತಿದ್ದ ಮಾಸಿಕ 500 ರೂಪಾಯಿ 2024ರ ನವೆಂಬರಿನಲ್ಲಿ 1,000 ಆಯಿತು. ಮನೆಯವರನ್ನೂ ಆಹಾರದ ನೆರವಿನ ವ್ಯಾಪ್ತಿಗೆ ತರಲಾಯಿತು.

ಯಾರು ಬಂದರು, ಯಾರು ಗುಣಹೊಂದಿದರು, ಯಾರು ಉಂಡರು: ಈ ಮೂರು ಪ್ರಶ್ನೆಗಳು ಹುಟ್ಟಲು ಅರವತ್ತು ವರ್ಷಗಳು ಬೇಕಾದುವು. ಕೇಳದ ಪ್ರಶ್ನೆಗೆ ಯಾವ ಲೆಕ್ಕಪುಸ್ತಕವೂ ಉತ್ತರ ಹೇಳಲಾರದು. ಆ ಮೌನದ ಬೆಲೆಯನ್ನು ತೆತ್ತವರು ರೋಗಿಗಳು.