ಎದೆಯ ಕೋಟೆ ಮತ್ತು ಹೈದರಾಬಾದಿನ ಆಯೋಗ

ಯಾದಗಿರಿಯ ಬೆಟ್ಟದ ಕೋಟೆಯನ್ನು ನೀವು ನೋಡಿರಬಹುದು. ಒಂದು ಸುತ್ತುಗೋಡೆ ದಾಟಿದರೆ ಇನ್ನೊಂದು ಎದುರಾಗುತ್ತದೆ. ನಮ್ಮ ಎದೆಗೂಡಿನೊಳಗಿನ ಹೃದಯಕ್ಕೂ ಇಂಥದೇ ರಕ್ಷಣೆಯಿದೆ. ಹೊರಗಡೆ ಹೃದಯಾವರಣವೆಂಬ ಚೀಲ. ಅದರ ಎರಡು ನಯವಾದ ಪೊರೆಗಳ ನಡುವೆ ಕೆಲವೇ ಚಮಚದಷ್ಟು ದ್ರವವಿದ್ದು, ಬಡಿತದಲ್ಲಿ ಉಜ್ಜಾಟವಾಗದಂತೆ ಕಾಯುತ್ತದೆ. ಒಳಪೊರೆ ಹೃದಯದ ಮೈಗೇ ಅಂಟಿಕೊಂಡಿದೆ. ಅದರಡಿ ದಪ್ಪ ಸ್ನಾಯುವಿನ ಪದರ. ಎಲ್ಲಕ್ಕೂ ಒಳಗೆ, ರಕ್ತ ತಾಗುವಲ್ಲಿ, ತೆಳುವಾದ ಒಳಪದರ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಇಡೀ ದೇಹಕ್ಕೆ ರಕ್ತ ತಳ್ಳಬೇಕಾದ ಎಡ ಹೃತ್ಕುಕ್ಷಿಯ ಗೋಡೆ ಎಲ್ಲಕ್ಕಿಂತ ದಪ್ಪ.

ಇಷ್ಟು ಸಂಗತಿ 19ನೆಯ ಶತಮಾನದ ವೈದ್ಯರಿಗೆ ಗೊತ್ತಿತ್ತು. ಆದರೂ ಒಂದು ಪ್ರಶ್ನೆ ಅವರನ್ನು ಕಾಡುತ್ತಿತ್ತು. 1847ರಿಂದ ಶಸ್ತ್ರಚಿಕಿತ್ಸೆಗೆ ಕ್ಲೋರೋಫಾರ್ಮ್ ಬಳಕೆಗೆ ಬಂದಿತ್ತು. ಕೆಲವು ರೋಗಿಗಳು ಮೇಜಿನ ಮೇಲೆಯೇ ಹಠಾತ್ತನೆ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ, ಹೃದಯವೋ?

ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಹೈದರಾಬಾದಿನಲ್ಲಿ. 1860ರಲ್ಲಿ ಸುರಪುರ ಸಂಸ್ಥಾನ ನಿಜಾಮರಿಗೆ ಸೇರಿತು. ಹೀಗಾಗಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಅವರ ರಾಜ್ಯದಲ್ಲಿದ್ದವು. 1888ರಲ್ಲಿ ಅಲ್ಲಿನ ವೈದ್ಯಾಧಿಕಾರಿ ಎಡ್ವರ್ಡ್ ಲಾರಿ ಅವರ ಮುತುವರ್ಜಿಯಿಂದ ಮೊದಲ ಕ್ಲೋರೋಫಾರ್ಮ್ ಆಯೋಗ ನಡೆಯಿತು. ಅದರ ತೀರ್ಮಾನವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಲಿಲ್ಲ. ಆಗ ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು 1,000 ಪೌಂಡು ನೀಡಿ, ಪತ್ರಿಕೆಯೇ ಒಬ್ಬ ತಜ್ಞರನ್ನು ಕಳುಹಿಸಲಿ ಎಂದರು. 1889ರಲ್ಲಿ ಲಾಡರ್ ಬ್ರಂಟನ್ ಬಂದರು. ನಾಯಿ, ಕೋತಿ ಮುಂತಾದ ಪ್ರಾಣಿಗಳ ಮೇಲೆ ನೂರಾರು ಪ್ರಯೋಗಗಳು ನಡೆದವು. ಎರಡನೆಯ ಆಯೋಗವೂ ಅದೇ ಮಾತು ಹೇಳಿತು: ಮೊದಲು ನಿಲ್ಲುವುದು ಉಸಿರು, ಅದರ ಮೇಲೆ ಕಣ್ಣಿಟ್ಟರೆ ಸಾಕು.

ಆದರೆ ಕಣ್ಣಿಗೆ ಕಾಣುವ ಗೋಡೆಗಳಷ್ಟೇ ಹೃದಯವಲ್ಲ. ಬಲ ಹೃತ್ಕರ್ಣದಲ್ಲಿ ಬಡಿತ ಹುಟ್ಟುವ ಪುಟ್ಟ ಗಂಟನ್ನು ಕೀತ್ ಮತ್ತು ಫ್ಲ್ಯಾಕ್ ಗುರುತಿಸಿದ್ದು 1907ರಲ್ಲಿ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮಿನ ಅಮಲು ಹಗುರವಾಗಿರುವಾಗಲೂ ಹೃತ್ಕುಕ್ಷಿಗಳು ಲಯ ತಪ್ಪಿ ಬರೀ ನಡುಗತೊಡಗಿ, ಹೃದಯವೇ ಮೊದಲು ಸೋಲಬಲ್ಲುದೆಂದು ತೋರಿಸಿದರು. ಆಯೋಗ ಕಂಡದ್ದು ಸುಳ್ಳಲ್ಲ. ಅದು ಅರ್ಧ ಸತ್ಯ. ಆ ಅರ್ಧವನ್ನೇ ಪೂರ್ತಿಯೆಂದು ನಂಬಿದ್ದು ಅಪಾಯಕ್ಕೆ ದಾರಿಯಾಯಿತು.

ಇಂದು ಅರಿವಳಿಕೆ ನೀಡುವ ವೈದ್ಯರು ಉಸಿರು, ಬಡಿತ ಎರಡನ್ನೂ ಬಿಡದೆ ಗಮನಿಸುತ್ತಾರೆ. ಈಗ ಯಾದಗಿರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹೃದಯಾವರಣವನ್ನು ಬಿಡಿಸಿ ನೋಡುವ ನಮ್ಮ ಮಕ್ಕಳು, ತಮ್ಮ ನಾಡಿಗೇ ಸಂಬಂಧಿಸಿದ ಈ ಕಥೆಯನ್ನೂ ನೆನೆಯಲಿ.