ಮದ್ದಿಗೆ ಮಣಿಯದ ನ್ಯುಮೋನಿಯಾ

ಮನೆಯಲ್ಲಿ ಮಗುವಿಗೆ ಕೆಮ್ಮು, ಜ್ವರ ಬಂತೆಂದರೆ ನಾವು ಮೊದಲು ಏನು ಮಾಡುತ್ತೇವೆ? ಶಿರಹಟ್ಟಿಯಿರಲಿ, ಗದಗವಿರಲಿ, ಔಷಧ ಅಂಗಡಿಗೆ ಹೋಗಿ ನಾಲ್ಕು ಗುಳಿಗೆ ತರುತ್ತೇವೆ. ಎರಡು ದಿನಕ್ಕೆ ಜ್ವರ ಇಳಿದರೆ ಉಳಿದದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡುತ್ತೇವೆ. ಈ ಸಣ್ಣ ರೂಢಿ ಎಷ್ಟು ದುಬಾರಿ ಎಂಬುದನ್ನು ಇತಿಹಾಸವೇ ಹೇಳುತ್ತದೆ.

1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. ಆದರೆ ಅದು ಜನರ ಕೈಸೇರುವ ಮೊದಲೇ, 1940ರಲ್ಲಿ, ಅದನ್ನು ನಾಶಮಾಡುವ ಕಿಣ್ವವನ್ನು ಕೆಲವು ಬ್ಯಾಕ್ಟೀರಿಯಾಗಳು ತಯಾರಿಸುತ್ತವೆಂದು ಆಕ್ಸ್‌ಫರ್ಡಿನ ಅಬ್ರಹಾಂ ಮತ್ತು ಚೇನ್ ತಿಳಿಸಿದರು. 1945ರ ನೊಬೆಲ್ ಉಪನ್ಯಾಸದಲ್ಲಿ ಫ್ಲೆಮಿಂಗ್ ಒಂದು ಕಲ್ಪಿತ ಉದಾಹರಣೆ ಕೊಟ್ಟರು. ಗಂಟಲು ನೋವಿನವನೊಬ್ಬ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವುದಿಲ್ಲ, ಮದ್ದನ್ನು ಎದುರಿಸಲು ಕಲಿಯುತ್ತದೆ. ಅದೇ ರೋಗಾಣು ಹೆಂಡತಿಗೆ ತಗಲಿ ನ್ಯುಮೋನಿಯಾ ಆಗುತ್ತದೆ. ಪೆನಿಸಿಲಿನ್ ನಾಟುವುದಿಲ್ಲ, ಆಕೆ ತೀರಿಕೊಳ್ಳುತ್ತಾಳೆ. ತಪ್ಪು ಒಬ್ಬನದು, ಪ್ರಾಣ ಹೋದದ್ದು ಇನ್ನೊಬ್ಬಳದು!

ನಮ್ಮ ದೇಶದಲ್ಲಿ 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್, 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಸ್ಥಾಪನೆಯಾದವು. ಔಷಧ ಬಡವನಿಗೂ ಎಟುಕಿತು. ಅಸಂಖ್ಯ ಜೀವಗಳು ಉಳಿದವು. ಆದರೆ ರೋಗಾಣುಗಳೂ ಸುಮ್ಮನಿರಲಿಲ್ಲ. ಪೆನಿಸಿಲಿನ್‌ಗೆ ಸುಲಭವಾಗಿ ಬಗ್ಗದ ನ್ಯುಮೋಕಾಕಸ್ 1967ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಯಿತು. ಹಲವು ಔಷಧಗಳನ್ನು ಎದುರಿಸುವಂಥದ್ದು 1977ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಕಂಡಿತು. ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದ ರೋಗಿಯೊಬ್ಬನಲ್ಲಿ 2008ರಲ್ಲಿ ಸ್ವೀಡನ್ ವೈದ್ಯರು ಕಂಡ ಕ್ಲೆಬ್ಸಿಯೆಲ್ಲಾ, ಕೊನೆಯ ಅಸ್ತ್ರವೆಂದು ಕಾಯ್ದಿಟ್ಟ ಕಾರ್ಬಪೆನೆಮ್ ಔಷಧಗಳನ್ನೂ ಮುರಿಯಬಲ್ಲದಾಗಿತ್ತು.

ಹಾಗಾದರೆ ಚಿಕಿತ್ಸೆಯೇ ಇಲ್ಲವೇ? ಇದೆ. ಕಫ ಅಥವಾ ರಕ್ತದ ಮಾದರಿಯಲ್ಲಿ ರೋಗಾಣುವನ್ನು ಬೆಳೆಸಿ, ಯಾವ ಔಷಧಕ್ಕೆ ಅದು ಬಗ್ಗುತ್ತದೆಂದು ಪರೀಕ್ಷಿಸುತ್ತಾರೆ. ಇದಕ್ಕೆ ಎರಡು ಮೂರು ದಿನ ಬೇಕು. ಅಲ್ಲಿಯವರೆಗೆ ವೈದ್ಯರು ಅನುಭವದಿಂದ ಔಷಧ ಆರಂಭಿಸಿ, ವರದಿ ಬಂದ ಮೇಲೆ ಬದಲಿಸುತ್ತಾರೆ. ಮೂತ್ರಪಿಂಡಕ್ಕೆ ಅಪಾಯವೆಂದು ಮೂಲೆಗೆ ಸರಿಸಿದ್ದ ಕೊಲಿಸ್ಟಿನ್ ಔಷಧವನ್ನು ಗತ್ಯಂತರವಿಲ್ಲದೆ ಮತ್ತೆ ಹೊರತೆಗೆಯಬೇಕಾಯಿತು. 2024ರ ನವೆಂಬರಿನಲ್ಲಿ ಭಾರತದಲ್ಲೇ ರೂಪುಗೊಂಡ ನಾಫಿಥ್ರೊಮೈಸಿನ್ ಪರಿಚಯವಾಯಿತು. ದಿನಕ್ಕೊಂದರಂತೆ ಮೂರು ದಿನದ ಈ ಔಷಧ ನ್ಯುಮೋನಿಯಾಕ್ಕೆಂದೇ ಇದೆ. ಆದರೆ ಹೊಸ ಔಷಧವನ್ನೂ ಹಳೆಯ ರೀತಿಯಲ್ಲೇ ಬಳಸಿದರೆ ಅದರ ಗತಿಯೂ ಅದೇ.

ಕಾನೂನು ತನ್ನ ಕೆಲಸ ಮಾಡಿದೆ. 2014ರ ಮಾರ್ಚ್ 1ರಿಂದ ಹಲವು ಪ್ರಬಲ ಆ್ಯಂಟಿಬಯೋಟಿಕ್‌ಗಳ ಮಾರಾಟಕ್ಕೆ ವೈದ್ಯರ ಚೀಟಿಯ ಜೊತೆಗೆ ಅಂಗಡಿಯ ದಾಖಲೆ ಪುಸ್ತಕವೂ ಕಡ್ಡಾಯ. ಆಸ್ಪತ್ರೆಯೂ ಹತ್ತಿರವಾಗಿದೆ: ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರಿಂದಲೂ, ಗದಗಿನದು 2015ರಿಂದಲೂ ನಡೆಯುತ್ತಿವೆ.

ಉಳಿದದ್ದು ನಮ್ಮ ಪಾಲಿನ ಕೆಲಸ. ನೆಗಡಿ ವೈರಾಣುವಿನದು, ಅದಕ್ಕೆ ಈ ಗುಳಿಗೆ ಬೇಡ. ಮಗು ಏದುಸಿರು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಸೆಳೆದರೆ ಅಂಗಡಿಗಲ್ಲ, ಆಸ್ಪತ್ರೆಗೆ ಓಡಿರಿ. ವೈದ್ಯರು ಹೇಳಿದಷ್ಟು ದಿನ ಔಷಧ ಕೊಡಿರಿ. ಮಗುವಿಗೆ ನ್ಯುಮೋಕಾಕಸ್ ಲಸಿಕೆ ಹಾಕಿಸಿರಿ. ಓದು ಬಲ್ಲ ವಿದ್ಯಾರ್ಥಿಗಳೇ, ಓದು ಬಾರದ ಅಜ್ಜ ಅಜ್ಜಿಯರಿಗೆ ಈ ಮಾತನ್ನು ಇಂದೇ ತಿಳಿಸಿರಿ. ಕಲಿತ ವಿದ್ಯೆ ಮನೆಯ ಒಂದು ಉಸಿರನ್ನು ಉಳಿಸಿದರೆ ಅದಕ್ಕಿಂತ ದೊಡ್ಡ ಫಲ ಇನ್ನೇನಿದೆ?